ವಾಸನೆ ತಾಗಿದ ಹಸಿವು

ಫೌಝಿಯಾ ಹಗಲು ಸೀತಾಂಗೋಳಿಯ ಕಾರ್ಖಾನೆಯೊಂದರಲ್ಲಿ ದುಡಿದು, ಶಾಲೆ ಬಿಟ್ಟವರಿಗೆಂದು ಸಂಜೆ ನಡೆಯುವ ತುಲ್ಯತಾ ತರಗತಿಗಳಲ್ಲಿ ಹತ್ತನ್ನೂ ಹನ್ನೆರಡನ್ನೂ ಮುಗಿಸಿದವಳು. ಕಾಲೇಜು ದಾಟಿ ಸಂಶೋಧನೆಗೆ ಸೇರುವಾಗ ಜೊತೆಯವರೆಲ್ಲ ಅವಳಿಗಿಂತ ಬಹಳ ಚಿಕ್ಕವರು. ಯಾರ ಕನಿಕರಕ್ಕೂ ಅವಳು ಎಡೆಗೊಡಲಿಲ್ಲ.

ಅವಳ ಪಾಲಿಗೆ ಬಂದದ್ದು ಬರಿಗಣ್ಣಿಗೆ ಚುಕ್ಕೆಯಂತೆ ಕಾಣುವ ದುಂಡುಹುಳು. ಅದು ಹಸಿದಾಗ ತಲೆಯ ನರಕೋಶಗಳು ಹಾರ್ಮೋನಿನ ಮೂಲಕ ಮೈಗೆಲ್ಲ ಕಷ್ಟದ ಸುದ್ದಿ ಮುಟ್ಟಿಸುತ್ತವೆ. ಸುದ್ದಿ ತಿಳಿದ ಮೈ ಮೊದಲೇ ಸಜ್ಜಾಗಿ, ಬಿಸಿಯನ್ನೂ ತಾಳಿಕೊಳ್ಳುತ್ತದೆ. ಇದು ಅವಳು ಸಾಬೀತುಪಡಿಸಬೇಕಾಗಿದ್ದ ಮಾತು. ಆದರೆ ಬಿಸಿಗೆ ಒಡ್ಡಿದಾಗಲೆಲ್ಲ ಹಸಿದ ಹುಳುಗಳು ಉಂಡ ಹುಳುಗಳಷ್ಟೇ ಬೇಗ ಸಾಯುತ್ತಿದ್ದವು. ಇನ್ನೊಮ್ಮೆ ಸೋತರೆ ವಿಷಯವನ್ನೇ ಬದಲಿಸೋಣವೆಂದು ಮಾರ್ಗದರ್ಶಕಿ ಸೌದಾಮಿನಿ ಟೀಚರ್ ಮೆಲ್ಲನೆ ಸೂಚಿಸಿದ್ದರು. ಬದಲಿಸುವುದೆಂದರೆ, ಅಷ್ಟು ತಡವಾಗಿ ಹೊರಟವಳು ಮತ್ತೆ ಮೊದಲ ಮೆಟ್ಟಿಲಿಗೆ ಇಳಿಯುವುದು.

ಅದು ರಂಝಾನ್ ತಿಂಗಳು. ಸಂಜೆ ಮನೆಗೆ ಬಂದ ಮಗಳ ಬಿಗಿದ ಮುಖ ನೋಡಿ ತಾಯಿ ಮರಿಯುಮ್ಮ ಕೆಣಕಿದಳು.

"ಹುಳಗಳಿಗೂ ಉಪವಾಸ ಹಾಕಿದ್ದೀಯಲ್ಲ, ಅವಕ್ಕೆ ಉಪವಾಸ ಬಿಡುವ ಮಗ್ರಿಬ್ ಬಾಂಗ್ ಎಷ್ಟು ಹೊತ್ತಿಗೆ ಮಾರಾಯ್ತಿ?"

ಫೌಝಿಯಾ ನಗಲಿಲ್ಲ. ಗಂಜಿಯ ಒಗ್ಗರಣೆಗೆಂದು ಮರಿಯುಮ್ಮ ತುಪ್ಪದಲ್ಲಿ ಈರುಳ್ಳಿ ಹಾಕಿ, ಉಪವಾಸವಿದ್ದು ಜಗಲಿಯಲ್ಲಿ ಕುಳಿತಿದ್ದ ಗಂಡನ ಕಡೆಗೆ ಕಣ್ಣು ಹಾಯಿಸಿ ಮಗಳಿಗೆ ಹೇಳಿದಳು. "ಆ ಬಾಗಿಲು ಹಾಕು. ವಾಸನೆ ಹೋದ್ರೆ ಸುಮ್ಮನಿದ್ದ ಹೊಟ್ಟೆಯೂ ಎದ್ದು ಕೂರ್ತದೆ."

ಬಾಗಿಲ ಮೇಲಿಟ್ಟ ಫೌಝಿಯಾಳ ಕೈ ಅಲ್ಲೇ ನಿಂತಿತು. ಕರೆಂಟು ಕೈಕೊಡುವ ಕಾಲವೆಂದು ಪ್ರಯೋಗಾಲಯದಲ್ಲಿ ಅವಳು ಹಸಿದ ಹುಳುಗಳ ತಟ್ಟೆಗಳನ್ನೂ ಉಂಡ ಹುಳುಗಳ ತಟ್ಟೆಗಳನ್ನೂ ಒಂದೇ ತಂಪು ಡಬ್ಬಿಯಲ್ಲಿಡುತ್ತಿದ್ದಳು. ಹುಳುಗಳಿಗೆ ಆಹಾರವಾದ ಬ್ಯಾಕ್ಟೀರಿಯಕ್ಕೂ ವಾಸನೆಯುಂಟು. ಪಕ್ಕದ ತಟ್ಟೆಯ ಊಟವನ್ನು ದಿನವಿಡೀ ಮೂಸಿದ ಹುಳುಗಳ ನರಕೋಶಗಳು ಕಷ್ಟದ ಸುದ್ದಿಯನ್ನೇ ಕಳುಹಿಸಿರಲಾರವು.

ಮರುದಿನ ಅವಳು ಹಸಿದ ಹುಳುಗಳ ಒಂದು ಪಾಲನ್ನು ದೂರದ ಕೋಣೆಯಲ್ಲಿಟ್ಟಳು. ಇನ್ನೊಂದನ್ನು ಮೊದಲಿನಂತೆ ಊಟದ ಪಕ್ಕದಲ್ಲೇ ಉಳಿಸಿದಳು. ಬಿಸಿ ಮುಟ್ಟಿಸಿದ ಬಳಿಕ ಸೌದಾಮಿನಿ ಟೀಚರ್ ಸೂಕ್ಷ್ಮದರ್ಶಕಕ್ಕೆ ಬಾಗಿದರು. ಉಂಡ ಹುಳುಗಳೂ ವಾಸನೆ ತಾಗಿದವೂ ಕಡ್ಡಿಗಳಂತೆ ಬಿದ್ದಿದ್ದವು. ದೂರವಿದ್ದವು ಮಾತ್ರ ನಿಧಾನವಾಗಿ ಮೈ ಬಳುಕಿಸಿ ಸಾಗುತ್ತಿದ್ದವು.

"ಹಾಗಾದರೆ ಹಿಂದೆ ಮಾಡಿದ್ದೆಲ್ಲ ತಪ್ಪಾ?"

"ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟದ್ದು ನನ್ನ ತಪ್ಪು ಟೀಚರ್," ಫೌಝಿಯಾ ತಲೆಯೆತ್ತಿಯೇ ನುಡಿದಳು. "ಆದರೆ ಅದನ್ನು ಬಿಸಾಡುವುದು ಬೇಡ. ಬರೀ ವಾಸನೆಯೇ ಕಷ್ಟದ ಸುದ್ದಿಯನ್ನು ತಡೆಯುತ್ತದೆಂದು ತೋರಿಸಲು ಅದೂ ಬೇಕು."

ಸೌದಾಮಿನಿ ವಿಷಯ ಬದಲಿಸುವ ಮಾತೆತ್ತಲಿಲ್ಲ. ದೂರದ ಕೋಣೆಯ ಬೀಗದ ಕೈಯನ್ನು ತೆಗೆದು ಅವಳಿಗೆ ಕೊಟ್ಟರು.