ಹೋಳಿಗಿಂತ ಮೊದಲ ಶಾವಿಗೆ

ಬೈರಿದೇವರಕೊಪ್ಪದ ಹಿಂದಿನ ಓಣಿಯಲ್ಲಿ ಬಾಳವ್ವನ ಅಂಗೈಯನ್ನು ಹೊಗಳದ ಹೆಂಗಸಿಲ್ಲ. ಮಣೆಯ ಮೇಲೆ ಹಿಟ್ಟು ಹೊಸೆದು ಅವಳು ಎಳೆದ ಶಾವಿಗೆ ಕೂದಲಿನಷ್ಟು ಸಣ್ಣ, ತೋಳಿನಷ್ಟು ಉದ್ದ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬುತ್ತಿಯೊಂದಿಗೆ ಹೋಗುವ ಶಾವಿಗೆ ಬುಟ್ಟಿ ಅವಳ ಕೈಯದೇ ಆಗಬೇಕು. ಬೀಗರ ಮನೆಯ ಹೆಂಗಸರು ಮೊದಲು ಎತ್ತಿ ನೋಡುವುದು ಅದನ್ನೇ.

ಓಣಿಯ ರೂಢಿಯಂತೆ ಶಾವಿಗೆ ಹೊಸೆಯುವುದು ಯುಗಾದಿ ಆದ ಮೇಲೆ. ಆದರೆ ಎರಡು ವರ್ಷದಿಂದ ಆ ಬಿಸಿಲು ಬಾಳವ್ವನ ಮಾತು ಕೇಳುತ್ತಿಲ್ಲ. ಬೆಳಿಗ್ಗೆ ನಾದಿದ ಹಿಟ್ಟು ಊಟದ ಹೊತ್ತಿಗೆ ಹುಳಿ ಬಂದಿರುತ್ತದೆ. ಕೋಲಿಗೆ ಹಾಕಿದ ಎಳೆ ಒಮ್ಮೆಲೇ ಒಣಗಿ ಚಟ್ಟನೆ ಮುರಿಯುತ್ತದೆ. ಉಳಿದದ್ದನ್ನು ಸಂಜೆಯ ಅಡ್ಡಮಳೆ ತೋಯಿಸುತ್ತದೆ. ಹೋದ ವರ್ಷ ಒಂದು ಮದುವೆಯ ಬುಟ್ಟಿಗೆ ತುಂಡು ಶಾವಿಗೆಯೇ ಹೋಯಿತು. ಬೀಗರ ಹೆಂಗಸರು ಎತ್ತಿ ನೋಡಿ ಹಾಗೇ ಅರಿವೆ ಮುಚ್ಚಿದರು. ಅದೇ ಬಾಳವ್ವನನ್ನು ಹೆಚ್ಚು ನೋಯಿಸಿತು.

ಈ ಸಲ ಎದುರು ಮನೆಯ ಅಕ್ಕವ್ವನ ಮಗಳು ಭಾಗ್ಯಶ್ರೀಯ ಮದುವೆ, ವೈಶಾಖದಲ್ಲಿ. ವಿದ್ಯಾನಗರದ ಕಾಲೇಜಿನಲ್ಲಿ ಓದಿದ ಹುಡುಗಿ ಕಟ್ಟೆಯ ಮೇಲೆ ಕೂತು ಹೇಳಿದಳು:

“ಆಯಿ, ಕಲ್ಲಿದ್ದಲು, ಪೆಟ್ರೋಲು ಸುಟ್ಟ ಹೊಗಿ ಭೂಮಿಗೆ ಕೌದಿ ಹೊಚ್ಚಿದಂಗ ಆಗೇತಿ. ಒಳಗಿನ ಕಾವು ಹೊರಗ ಹೋಗವಲ್ದು. ಅದಕ್ಕ ಮಳಿ, ಬಿಸಲು ಎಲ್ಲಾ ದಿಕ್ಕ ತಪ್ಪ್ಯಾವ. ಇಲ್ಲೇ ನೋಡು, ಹಿತ್ತಲದ ಹೊಲ ಎಲ್ಲಾ ಸೈಟ್ ಆದ್ವು, ಗಿಡ ಹೋದ್ವು. ಕಾಂಕ್ರೀಟ ರಾತ್ರಿನೂ ಕಾದಿರತೈತಿ.”

“ಹೊಗಿ ಬಿಟ್ಟಾವ್ರು ಎಲ್ಲ್ಯೋ ಇರತಾರ, ಮುರಕ ಶಾವಿಗಿ ನನ್ನ ಹೆಸರಿಗೆ,” ಎಂದಳು ಬಾಳವ್ವ. “ಅವ್ರನ್ನೂ ಮದಿವಿಗೆ ಕರಿ, ಅದನ್ನ ಉಣಸೋಣು.”

ನಗು ಮುಗಿದ ಮೇಲೆ ಅವಳು ಬೆರಳು ಮಡಿಚಿ, ಯಾವ ತಿಂಗಳ ಬಿಸಿಲು ಇನ್ನೂ ಹದವಾಗಿದೆ ಎಂದು ಎಣಿಸಿದಳು. ಮರುದಿನ ಅಕ್ಕವ್ವನ ಬಾಗಿಲಿಗೆ ಹೋಗಿ, ಹೋಳಿಗಿಂತ ಮೊದಲೇ, ಮಾಘದಲ್ಲೇ ಶಾವಿಗೆ ಹೊಸೆಯುತ್ತೇನೆ ಎಂದಳು.

“ಕಾಮಣ್ಣನ್ನ ಸುಡೂಕಿಂತ ಮೊದ್ಲ ಯಾರರ ಶಾವಿಗಿ ಮಾಡ್ಯಾರೇನ ಬಾಳಕ್ಕ?” ಅಕ್ಕವ್ವನ ಮುಖ ಬಾಡಿತು. “ಮದಿವಿ ಮನಿ ಐತಿ, ಹಿರ್ಯಾರ ಪದ್ಧತಿ ಮುರೀಬ್ಯಾಡ.”

“ಹಿರ್ಯಾರು ಯುಗಾದಿ ನೋಡಿ ಮಾಡಲಿಲ್ಲ ಅಕ್ಕವ್ವ, ಬಿಸಲ ನೋಡಿ ಮಾಡಿದ್ರು. ಆವಾಗ ಎರಡೂ ಕೂಡೇ ಬರತಿದ್ವು.”

ಅಕ್ಕವ್ವ ಗೋಧಿ ಕೊಟ್ಟಳು, ಮನಸ್ಸು ಕೊಡಲಿಲ್ಲ. “ಕೆಟ್ರ ದುರ್ಗದಬೈಲ ಪ್ಯಾಟ್ಯಾಗಿನ ಮಷಿನ್ ಶಾವಿಗಿ ತರತೇನಿ ನೋಡು.” ಬಾಳವ್ವನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.

ಮೊದಲ ದಿನ ಕೆಟ್ಟಿತು. ಬೇಸಿಗೆಯ ಅಭ್ಯಾಸದಂತೆ ಎಳೆಗಳನ್ನು ರಾತ್ರಿಯೂ ಮಾಳಿಗೆಯ ಮೇಲೇ ಬಿಟ್ಟಿದ್ದಳು. ಇಬ್ಬನಿ ಕುಡಿದು ಒಂದಕ್ಕೊಂದು ಅಂಟಿದವು. ಅಕ್ಕವ್ವ ನೋಡಿದಳು, ಸೆರಗು ಬಿಗಿದುಕೊಂಡು ಹೋದಳು. ಬಾಳವ್ವ ಅಂಟಿದ್ದನ್ನು ಓಣಿಯ ಎಮ್ಮೆಗೆ ಹಾಕಿ ಮತ್ತೆ ಹಿಟ್ಟು ನಾದಿದಳು. ನಸುಕಿನಲ್ಲಿ ಹೊಸೆದು ಪಡಸಾಲೆಯ ಗಾಳಿಗೆ ಹಾಕಿದಳು. ಇಬ್ಬನಿ ಆರಿದ ಮೇಲೆ ಕೋಲುಗಳನ್ನು ಮಾಳಿಗೆಗೆ ಒಯ್ದಳು, ಬಿಸಿಲು ಇಳಿಯುವ ಮೊದಲೇ ಒಳಗೆ ತಂದಳು. ಹತ್ತಿ ಇಳಿದು ಮೊಣಕಾಲು ಬಾತವು. ಬೇರೆಯವರ ಕೈಗೆ ಮಾತ್ರ ಒಂದು ಕೋಲನ್ನೂ ಕೊಡಲಿಲ್ಲ.

ಒಣಗಿದ ದಿನ ಅಕ್ಕವ್ವ ತಾನೇ ಬಂದಳು. ಬೀಗರ ಹೆಂಗಸರ ಹಾಗೆ ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದಳು. ಎಳೆಗಳು ತೋಳಿನುದ್ದಕ್ಕೂ ನೇರ ನಿಂತವು. ಅವಳು ಅಲ್ಲೇ ಕುಳಿತು ಬುಟ್ಟಿಗೆ ಬಿಳಿ ಅರಿವೆ ಹಾಸತೊಡಗಿದಳು.

“ನಮ್ಮ ತಂಗಿನೂ ಗೋಧಿ ತರತಾಳಂತ ಬಾಳಕ್ಕ. ಹೋಳಿಗಿಂತ ಮೊದ್ಲ ಆಗತೈತೇನು ಅಂತ ಕೇಳ್ಯಾಳ.”

ಬಾಳವ್ವ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

“ಆಗತೈತಿ,” ಎಂದಳು. “ಕೋಲು ಹೊರಾಕ ಆಕೀನ ಬರಬೇಕು.”