ಗುಡ್ಡದ ಬುಡದಲ್ಲಿ ಜಾಗ ಕೊಡಿಸಿದವರು

ಮಾತಾಡುವಾಗ ಎದುರಿನವರ ಮುಖ ನೋಡದ ರಾಜಕಾರಣಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಜೂನ್ ಬಂತೆಂದರೆ ನಮ್ಮ ಸುಬ್ರಾಯಣ್ಣ ಕಾಲನಿಗೆ ಬಂದು, ಕೊಡೆ ಬಿಡಿಸಿ, ನಮಗೆಲ್ಲ ಬೆನ್ನು ಹಾಕಿ ಗುಡ್ಡ ನೋಡುತ್ತ ನಿಲ್ಲುತ್ತಿದ್ದರು. ನಾವು ರೇಷನ್ ಕಾರ್ಡಿನ ತಕರಾರು ಹೇಳಲಿ, ಮಗಳ ಮದುವೆಗೆ ಕರೆಯಲಿ, ಅವರ ಕಣ್ಣು ಮಾತ್ರ ಆ ಕೆಂಪು ಮಣ್ಣಿನ ಗೋಡೆಯ ಮೇಲೆ. "ಹ್ಞಾಂ, ಹೇಳು ಹೇಳು, ಕೇಳ್ತಾ ಇದ್ದೆ" ಎನ್ನುವರು. ಒಂದು ಕಾಲದಲ್ಲಿ ಅವರು ನಮ್ಮ ಶಾಸಕರು. ಸೋತು ಎಷ್ಟೋ ವರ್ಷವಾದರೂ ಊರವರ ಬಾಯಲ್ಲಿ ಎಮ್ಮೆಲ್ಲೆ ಸುಬ್ರಾಯಣ್ಣನೇ.

ನಾನು ಆ ಕಾಲನಿಯ ಅಂಗನವಾಡಿ ಟೀಚರು. ಹೊನ್ನಾವರ ದಾಟಿ ಭಟ್ಕಳದ ಕಡೆ ಬರುವಾಗ ಹೆದ್ದಾರಿಯಿಂದ ಒಳಗೆ, ಗುಡ್ಡದ ಬುಡಕ್ಕೆ ಅಂಟಿಕೊಂಡು ನಮ್ಮ ಮನೆಗಳಿವೆ. ಆ ಜಾಗ ನಮ್ಮದಾಗಿದ್ದೇ ಸುಬ್ರಾಯಣ್ಣನಿಂದ. ಅದೇ ಅವರ ಜೀವಮಾನದ ಹೆಮ್ಮೆಯಾಗಿತ್ತು, ಕೊನೆಗೆ ಅದೇ ಅವರ ಜೀವ ತಿಂದಿತು.

ಅವರು ಹುಟ್ಟಿದ್ದು ಅಘನಾಶಿನಿಯಲ್ಲಿ. ತಾಯಿ ಹೊಳೆಗಿಳಿದು ಬಳಚು ಹೆಕ್ಕಿ, ಆ ಚಿಪ್ಪುಮೀನಿನ ಬುಟ್ಟಿ ಹೊತ್ತು ಮಾರಿ ಮಗನನ್ನು ಓದಿಸಿದರಂತೆ. ಕುಮಟೆಯಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತರಾಗಿದ್ದಾಗ ಅತಿಕ್ರಮಣದ ಕೇಸುಗಳು ಅವರ ಕೈಗೆ ಬಂದವು. ಅರಣ್ಯ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವರಿಗೆ ನಮ್ಮಲ್ಲಿ ಅತಿಕ್ರಮಣದವರು ಅನ್ನುತ್ತಾರೆ. ನನ್ನ ಅತ್ತೆ, ಮಾವ ಹಾಗೆ ಬಂದು ಕೂತವರು. ಮೀಸೆ ಇನ್ನೂ ಸರಿಯಾಗಿ ಬಾರದ ಸುಬ್ರಾಯಣ್ಣ ಗುಡಿಸಲಿಂದ ಗುಡಿಸಲಿಗೆ ಹೋಗಿ ಒಂದೇ ಮಾತು ಹೇಳುತ್ತಿದ್ದರಂತೆ: "ಒಂದು ರಾತ್ರೆನೂ ಖಾಲಿ ಬಿಡಬ್ಯಾಡಿ. ಒಬ್ರಾದ್ರೂ ಒಲೆ ಹಚ್ಕಂಡು ಕೂತ್ಕಣಿ. ಖಾಲಿ ಕಂಡ್ರೆ ಅರಣ್ಯದವ್ರು ಕಿತ್ತು ಹಾಕ್ತ್ರು."

ಅತ್ತೆ ಆ ಮಾತನ್ನು ಎಷ್ಟು ಗಟ್ಟಿ ಹಿಡಿದಿದ್ದರೆಂದರೆ, ಮುಟ್ಟಳ್ಳಿಯಲ್ಲಿ ಸ್ವಂತ ತಮ್ಮ ತೀರಿಕೊಂಡಾಗಲೂ ಹೆಣ ಎತ್ತಿದ ಕೂಡಲೇ ಸಂಜೆ ಬಸ್ಸಿಗೆ ವಾಪಸು ಬಂದಿದ್ದರು. ನೆಂಟರು ಇವಳೆಂಥ ಅಕ್ಕ ಅಂದರು. ಅತ್ತೆ ಕೇರೇ ಮಾಡಲಿಲ್ಲ.

ಆ ಹೋರಾಟದ ಮೇಲೇ ಸುಬ್ರಾಯಣ್ಣ ಗೆದ್ದು ವಿಧಾನಸಭೆಗೆ ಹೋದರು. ಶಾಸಕರ ಭವನದ ಕೋಣೆಯಲ್ಲಿ ಅವರು ಸುಟ್ಟ ಒಣಮೀನಿನ ವಾಸನೆಗೆ ಪಕ್ಕದ ಕೋಣೆಯ ಶಾಸಕರು ದೂರು ಕೊಟ್ಟ ಕತೆಯನ್ನು ಅವರ ಬಾಯಲ್ಲೇ ಕೇಳಬೇಕು. "ಎಂತ ಮಾಡೂದು ತಂಗಿ, ಅವ್ರು ಬಂದು ಬೈದ್ರು. ಬಂದವ್ರಿಗೆ ಎರಡು ತುಂಡು ಕೊಟ್ಟೆ. ಮರುದಿನದಿಂದ ಊಟದ ಹೊತ್ತಿಗೇ ಬರೂಕೆ ಶುರು ಮಾಡಿದ್ರು!" ಹೀಗೆ ನಗಿಸುತ್ತ, ಕಾಡುತ್ತ, ಮಂತ್ರಿಗಳ ಬಾಗಿಲಲ್ಲಿ ಕೂತು ನಮಗೆ ಹಕ್ಕುಪತ್ರ ತಂದುಕೊಟ್ಟರು. ಮುಂದಿನ ಚುನಾವಣೆಯಲ್ಲಿ ಸೋತರು. ಸೋತ ಮರುದಿನ ನಮ್ಮ ಜಗಲಿಯಲ್ಲಿ ಕೂತು, "ಚಾ ಕೊಡು. ಸೋತವ್ರಿಗೆ ಸಕ್ರೆ ಜಾಸ್ತಿ ಹಾಕ್ಬೇಕು" ಎಂದರು. ನಗುತ್ತಲೇ ಹೇಳಿದರು. ಆದರೆ ಸೋಲು ಅವರಿಗೆ ಬಹಳ ನಾಟಿತ್ತು.

ಆಮೇಲೆ ಹೆದ್ದಾರಿ ಅಗಲವಾಯಿತು. ತಗ್ಗು ತುಂಬಲು ಮಣ್ಣು ಬೇಕೆಂದು ನಮ್ಮ ಬೆನ್ನ ಹಿಂದಿನ ಗುಡ್ಡವನ್ನು ಕಡಿದು ಲಾರಿಯಲ್ಲಿ ಒಯ್ದರು. ಹಸಿರು ಇಳಿಜಾರಿದ್ದಲ್ಲಿ ನೆಟ್ಟಗೆ ನಿಂತ ಕೆಂಪು ಗೋಡೆ. ಮೊದಲ ಮಳೆಗೇ ಅದರ ಬುಡದಿಂದ ರಾಡಿ ನೀರು ಒಸರಿತು. ಅದನ್ನು ಕಂಡ ದಿನದಿಂದ ಸುಬ್ರಾಯಣ್ಣನ ನಿದ್ದೆ ಹಾರಿಹೋಯಿತು. ಕುಮಟೆಯಲ್ಲಿ ಹನಿ ಬಿದ್ದರೆ ಇಲ್ಲಿ ನನ್ನ ಫೋನು ಹೊಡೆದುಕೊಳ್ಳುತ್ತಿತ್ತು. ಕ್ಷೇಮ ಸಮಾಚಾರವಿಲ್ಲ, ಎಂತದೂ ಇಲ್ಲ. "ತಂಗಿ, ನೀರು ಎಂತ ಬಣ್ಣ?" ತಿಳಿ ಅಂದರೆ "ಆತು" ಎಂದು ಇಡುವರು. ಕೆಂಪು ಅಂದರೆ ಗುಡ್ಡದ ಮಣ್ಣು ಒಳಗಿಂದ ಕರಗುತ್ತಿದೆ ಎಂದರ್ಥ, ಗಳಿಗೆಗೊಮ್ಮೆ ಮತ್ತೆ ಫೋನು. ನನಗೂ ಆ ಚಟ ಅಂಟಿತು. ಹಲ್ಲುಜ್ಜುವ ಮೊದಲು ಒರತೆ ನೋಡಿ ಬರುವುದು. ಮಗಳನ್ನು ಗುಡ್ಡದ ಬದಿಯ ಕೋಣೆಯಲ್ಲಿ ಮಲಗಿಸಲು ನನಗೆ ಹೆದರಿಕೆ.

ಬೇರೆ ಕಡೆ ಜಾಗ ಕೊಡಿ ಎಂದು ಭಟ್ಕಳದ ಎ.ಸಿ. ಆಫೀಸಿಗೆ ಸುಬ್ರಾಯಣ್ಣ ಎಷ್ಟು ಅಲೆದರೋ. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹೊರಗೆ ಬಂದವರು ಮೆಟ್ಟಿಲ ಮೇಲೆ ನಿಂತು ಹೇಳಿದರು, "ಮಾಜಿ ಅಂದ್ರೆ ಕುರ್ಚಿ ಕೊಡ್ತ್ರು ತಂಗಿ, ಚಾನೂ ಕೊಡ್ತ್ರು. ಕಿವಿ ಕೊಡೂದಿಲ್ಲ."

ಹೋದ ವರ್ಷ ಆಷಾಢದ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ಬೆಳಿಗ್ಗೆ ಒರತೆಯಲ್ಲಿ ನೀರಿಗಿಂತ ಮಣ್ಣೇ ಹೆಚ್ಚು. ಫೋನ್ ಮಾಡಿದೆ. ಮಧ್ಯಾಹ್ನದೊಳಗೆ ಸುಬ್ರಾಯಣ್ಣ ರಿಕ್ಷಾ ಮಾಡಿಕೊಂಡು ಬಂದಿಳಿದರು. ಪಂಚಾಯತಿಯವರು ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದಿದ್ದರು. ಗಂಜಿ ಬೇಯುತ್ತಿತ್ತು, ಚಾಪೆ ಹಾಸಿತ್ತು. ಹೋಗುವವರು ಒಬ್ಬರೂ ಇಲ್ಲ!

ಅವರು ಮನೆಮನೆ ತಿರುಗಲು ಹೊರಟರು, ಹಿಂದೆ ನಾನು. ಓಟು ಕೇಳುವಾಗಿನ ಹಾಗೆಯೇ ಅಂಗಳದಲ್ಲಿ ನಿಂತು ಕೈಮುಗಿದರು. "ಓಟು ಬ್ಯಾಡ. ಇವತ್ತೊಂದು ರಾತ್ರೆ ಕೊಡಿ. ಶಾಲೆಗೆ ಹೋಗಿ ಮಲಗಿ."

"ಮನೆ ಖಾಲಿ ಬಿಟ್ರೆ ಜಾಗ ಹೋಗ್ತದೆ," ಎಂದರು ಮನೆಯವರು.

"ಯಾವನು ಹೇಳಿದ್ದು?"

"ನೀವೇ ಅಲ್ದಾ?"

ಎಲ್ಲ ಕಡೆ ಇದೇ ಉತ್ತರ. ಮೊದಲ ಮನೆಯಲ್ಲಿ ಸುಬ್ರಾಯಣ್ಣ ನಕ್ಕರು. ಎರಡನೆಯದರಲ್ಲಿ ಸಿಟ್ಟು ಮಾಡಿದರು. ಆಮೇಲೆ ಎರಡೂ ಬರಲಿಲ್ಲ. ನಮ್ಮ ಮನೆಗೆ ಬರುವಷ್ಟರಲ್ಲಿ ಪಂಚೆ ಕಾಲಿಗೆ ಅಂಟಿಕೊಂಡು, ಮುಖ ಬಿಳಿಚಿಹೋಗಿತ್ತು. ಅವರನ್ನು ಏಕವಚನದಲ್ಲಿ ಕರೆಯುವ ಧೈರ್ಯ ಊರಲ್ಲಿ ಅತ್ತೆಗೊಬ್ಬರಿಗೇ ಇದ್ದದ್ದು.

"ಅಮ್ಮಾ," ಎಂದು ಸುಬ್ರಾಯಣ್ಣ ಅತ್ತೆಯನ್ನು ಬೇಡಿಕೊಂಡರು, "ಆಗ ಅರಣ್ಯದವ್ರ ಹೆದರಿಕೆ ಇತ್ತು, ಅದಕ್ಕೆ ಹೇಳಿದ್ದೆ. ಈಗ ಹಕ್ಕುಪತ್ರ ಉಂಟು. ಜಾಗ ಎಲ್ಲೂ ಹೋಗುದಿಲ್ಲ. ಜೀವ ಹೋದ್ರೆ ಬತ್ತದ್ಯಾ?"

ಅತ್ತೆ ಒಲೆಯ ಮುಂದಿಂದ ಏಳಲಿಲ್ಲ. "ನೀ ಹೇಳ್ದ ಮಾತು ನಾ ಇಷ್ಟು ವರ್ಷ ಬಿಟ್ಟಿಲ್ಲ ತಮ್ಮಾ. ಈಗ ನೀನೇ ಬಿಟ್ರೆ ನಾ ಎಂತ ಮಾಡ್ಲಿ?"

ಸುಬ್ರಾಯಣ್ಣ ಜಗಲಿಯ ಮೇಲೆ ಕುಸಿದು ಕೂತರು. ಮಳೆ ಹೊಯ್ಯುತ್ತಲೇ ಇದೆ, ಗುಡ್ಡದ ಮೇಲಿಂದ ಸಣ್ಣ ಕಲ್ಲೊಂದು ಉರುಳಿ ಬಚ್ಚಲ ಹಿಂದೆ ಬಿತ್ತು. ಕಣ್ಣೊರೆಸಿಕೊಂಡು, ಅವರು ಇಡೀ ಕಾಲನಿಗೆ ಕೇಳುವಂತೆ ಕೂಗಿದರು. ಎಷ್ಟೋ ಕಾಲದ ಮೇಲೆ ಆ ಭಾಷಣದ ದನಿ ಕೇಳಿದೆ. "ಕೇಳಿ! ಕಾಲನಿ ಖಾಲಿ ಆಗುದಿಲ್ಲ. ಕಾವಲಿಗೆ ನಾ ಕೂತೆ. ಈ ಜಗಲಿಂದ ಬೆಳಗಿನವರೆಗೂ ಏಳೂದಿಲ್ಲ. ನಿಮ್ಮ ಜಾಗಕ್ಕೆ ನಾ ಜವಾಬ್ದಾರ. ಎಲ್ಲ ಹೋಗಿ!"

ಜನ ಹೊರಟರು, ಮಾರಾಯ್ರೆ! ಮಕ್ಕಳು, ದನ, ಕೋಳಿಬುಟ್ಟಿ ಎಲ್ಲ ಕಟ್ಟಿಕೊಂಡು ಹೊರಟರು. ಹಿಂದುಳಿದದ್ದು ಅತ್ತೆ ಒಬ್ಬರೇ. "ಜಗಲಿ ಮೇಲೆ ನೆಂಟ ಕೂತಿರುವಾಗ ನಾ ಹೋಗೂದಾ?" ಎಂದು ಅವರಿಗೂ ಸೇರಿಸಿ ಗಂಜಿಗೆ ಇಟ್ಟರು. ನಾನು ಮಗಳನ್ನು ಅಪ್ಪಿಕೊಂಡು ಶಾಲೆಯಲ್ಲಿ ಕಣ್ಣು ಬಿಟ್ಟುಕೊಂಡೇ ಬೆಳಗು ಮಾಡಿದೆ. ಗುಡುಗಿದರೆ ಗುಡ್ಡವೇ ಬಿತ್ತೆಂದು ಎದೆ ಒಡೆಯುತ್ತಿತ್ತು. ದೇವರೇ, ಧಾರೇಶ್ವರಾ, ಆ ಇಬ್ಬರನ್ನು ಕಾಯಪ್ಪಾ ಎಂದು ಎಷ್ಟು ಸಲ ಅಂದೆನೋ.

ಗುಡ್ಡ ಬೀಳಲಿಲ್ಲ. ಬೆಳಿಗ್ಗೆ ವಾಪಸು ಬಂದವರು ನಕ್ಕರು. ಎಮ್ಮೆಲ್ಲೆಗೆ ಅರಳುಮರಳು ಎಂದ ಹುಡುಗರೂ ಇದ್ದರು. ನನಗೆ ಸಿಟ್ಟು ನೆತ್ತಿಗೇರಿ ನಾಲ್ಕು ಮಾತು ಆಡಲು ಹೊರಟರೆ ಸುಬ್ರಾಯಣ್ಣ ಕೈಹಿಡಿದು ತಡೆದರು. ಕೆಮ್ಮುತ್ತಿದ್ದರು, ಆದರೆ ಮುಖ ಅರಳಿತ್ತು. "ಬಿಡು ತಂಗಿ. ಸೋತೆ. ಇಷ್ಟು ಒಳ್ಳೆ ಸೋಲು ನನಗೆ ಯಾವತ್ತೂ ಸಿಕ್ಕಿರ್ಲಿಲ್ಲ. ವರ್ಷಾವರ್ಷ ಹೀಂಗೇ ಸೋಲ್ತಾ ಇರ್ಲಿ."

ಚಳಿಗಾಲದಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ನಾಲಿಗೆ ಅರ್ಧ ಹೊರಳುತ್ತಿತ್ತು. ಕುಮಟೆಯಲ್ಲಿ ಮಗಳ ಮನೆಯಲ್ಲಿದ್ದರು. ಈ ವರ್ಷ ಮಳೆ ಶುರುವಾದ ಮೇಲೆ ನೋಡಲು ಹೋದೆ. ಅದೇ ಕೊನೆಯ ಭೇಟಿಯಾಯಿತು, ಮುಂದಿನ ವಾರ ಹೊರಟುಹೋದರು.

ಹೊರಗೆ ಜಡಿಮಳೆ. ನನ್ನನ್ನು ಕಂಡವರೇ ಕಷ್ಟಪಟ್ಟು ಕೇಳಿದರು, "ನೀರು?"

ಆ ಬೆಳಿಗ್ಗೆ ಒರತೆ ಕೆಂಪಾಗಿತ್ತು. ಶಾಲೆ ತೆರೆದಿತ್ತು, ಗಂಜಿಯೂ ಬೇಯುತ್ತಿತ್ತು. ಹೋಗಿ ಎಂದು ನಾನು ಮನೆಮನೆಗೆ ಹೇಳಿ ಬಂದಿದ್ದೆ. ಟೀಚರ ಮಾತು ಯಾರು ಕೇಳುತ್ತಾರೆ? ಎಲ್ಲರೂ ಮನೆಯಲ್ಲೇ ಇದ್ದರು, ಅಜ್ಜಿಯನ್ನು ಬಿಟ್ಟು ಹೋಗುವುದಿಲ್ಲವೆಂದು ಹಟ ಹಿಡಿದ ನನ್ನ ಮಗಳೂ ಅಲ್ಲೇ. ನನ್ನ ಮುಖ ನೋಡಿಯೇ ತಿಳಿದ ಸುಬ್ರಾಯಣ್ಣ ಎಡಗಾಲನ್ನು ಮಂಚದಿಂದ ಕೆಳಗಿಳಿಸಿದರು. "ಕಾವಲು... ನಾ ಬತ್ತೆ." ಅವರ ಮಗಳು ಓಡಿ ಬಂದು ಹಿಡಿದಳು. ಅವರು ಅವಳ ಕೈ ಕೊಸರಿಕೊಂಡು ಏಳಲು ಒದ್ದಾಡಿದರು. ನೋಡಲಾಗಲಿಲ್ಲ ನನಗೆ.

"ಎಲ್ಲ ಶಾಲೆಗೆ ಹೋದ್ರು ಸುಬ್ರಾಯಣ್ಣ," ಎಂದೆ. "ಬೆಳಿಗ್ಗೆಯೇ ಹೋದ್ರು. ಅತ್ತೆನೂ ಹೋದ್ರು."

"ಅಮ್ಮನೂ?"

"ಹ್ಞೂಂ, ಅವ್ರೂ."

ಮೈ ಸಡಿಲಾಯಿತು. ದಿಂಬಿಗೆ ತಲೆ ಇಟ್ಟು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿತು. ಎಷ್ಟೋ ದಿನದ ಮೇಲೆ ಇಷ್ಟು ಚೆನ್ನಾಗಿ ಮಲಗಿದ್ದು ಎಂದಳು ಮಗಳು.

ಬಸ್ಸು ಹೊನ್ನಾವರ ಮುಟ್ಟುವವರೆಗೂ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೆ ಮನೆಗೆ ಫೋನ್ ಹಚ್ಚಿದೆ.

"ಅತ್ತೆ, ನೀವೆಲ್ಲ ಶಾಲೆಗೆ ಹೋದ್ರಿ ಅಂತ ಸುಬ್ರಾಯಣ್ಣಂಗೆ ಹೇಳಿ ಬಂದೆ."

ಹಂಚಿನ ಮೇಲೆ ಹೊಯ್ಯುವ ಮಳೆಯ ಸದ್ದಿಗೆ ಅತ್ತೆ ದನಿ ಏರಿಸಿದರು.

"ನಂಬಿದ್ನಾ?"

"ನಂಬಿದ್ರು. ನಿದ್ದೆ ಹೋದ್ರು."

"ಹಾಂಗಾರೆ ಅದು ಸುಳ್ಳಾಗ್ಬಾರ್ದು," ಎಂದರು ಅತ್ತೆ. "ಮಗೀನ ಕರಕಂಡು ಹೊರಟೆ. ದಾರಿ ಮೇಲೆ ಎಲ್ಲಾರನ್ನೂ ಎಬ್ಬಿಸ್ಕಂಡೇ ಹೋಗ್ತೆ. ನೀ ಸೀದಾ ಶಾಲೆಗೇ ಬಾ." ಪಾತ್ರೆ ಸರಿಸುವ ಸದ್ದು, ಕಪಾಟು ತೆಗೆಯುವ ಸದ್ದು. ಆಮೇಲೆ ಮತ್ತೆ ಅವರ ದನಿ, "ಅಲ್ವೇ, ನಮ್ಮನೆ ಬೀಗ ಎಲ್ಲಿಟ್ಟಿದ್ದೆ?"

ನಾನು ನೆನಪು ಮಾಡಿಕೊಂಡೆ. ಆ ಮನೆಗೆ ಬೀಗ ಅಂತ ನಾವು ತಂದದ್ದೇ ಇರಲಿಲ್ಲ.