ಎಳೆದುನೋಡಪ್ಪನ ಹನ್ನೊಂದು ಸೆಕೆಂಡು

ನನ್ನ ಸೋದರಮಾವನಿಗೆ ನಮ್ಮ ಆಫೀಸಿನವರು ಇಟ್ಟ ಹೆಸರು ಎಳೆದುನೋಡಪ್ಪ. ಬೀಗ ಹಾಕಿದ ಮೇಲೆ ಅದನ್ನು ಹಿಡಿದು ಒಮ್ಮೆ ಎಳೆದು ನೋಡದೆ ಅವರು ಬಾಗಿಲು ಬಿಟ್ಟು ಕದಲಿದ್ದನ್ನು ಯಾರೂ ಕಂಡಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆಯನ್ನು ಕರೆದುಕೊಂಡು ಅವರ ತವರಿಗೆ ಹೊರಟವರು ಬೀದಿಯ ತಿರುವಿನಿಂದ ಮೂರು ಸಲ ವಾಪಸು ಬಂದು ಮನೆ ಬೀಗ ಎಳೆದು, ಇದ್ದ ಒಂದು ಬಸ್ಸನ್ನೂ ತಪ್ಪಿಸಿದರಂತೆ. ಅತ್ತೆ ಅದನ್ನು ಇವತ್ತಿಗೂ ಮರೆತಿಲ್ಲ. ಈ ಮನೆಗೆ ನಾನು ಎರಡನೆಯವಳು, ಮೊದಲನೆಯದು ಬೀಗ ಎಂದು ಬಂದವರ ಮುಂದೆಲ್ಲ ಹೇಳುತ್ತಾರೆ.

ನಗುವವರ ಸಾಲಿನಲ್ಲಿ ನಾನೂ ನಿಂತಿದ್ದೆ. ಸುಮ್ಮನೆ ನಿಂತಿರಲಿಲ್ಲ, ಮುಂದಿನ ಸಾಲಿನಲ್ಲೇ ನಿಂತಿದ್ದೆ. ಆದ್ದರಿಂದ ಅವರ ಕಥೆ ಹೇಳುವ ಕೆಲಸವೂ ನನ್ನದೇ.

ನಮ್ಮದು ರಕ್ತ ಪರೀಕ್ಷೆ ಮಾಡುವ ಕೇಂದ್ರ. ಮೂರು ಅಂತಸ್ತಿನ ಕಟ್ಟಡ, ನಲವತ್ತಾರು ಬಾಗಿಲು. ಮಾವ ಅಲ್ಲಿಗೆ ಸೇರಿದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಬೀಗದ ಕೈಗಳ ಉಸ್ತುವಾರಿಗೆ. ಮೆಟ್ಟಿಲ ಕೆಳಗಿನ ಅವರ ಕೋಣೆಯಲ್ಲಿ ಒಂದು ಹಲಗೆ, ಹಲಗೆಯಲ್ಲಿ ನಲವತ್ತಾರು ಮೊಳೆ. ಒಂದು ಬೀಗದ ಕೈ ಮೇಲೂ ಹೆಸರಿಲ್ಲ, ನಂಬರಿಲ್ಲ. ಹೆಸರು ಬರೆದರೆ ಕಳ್ಳನಿಗೆ ವಿಳಾಸ ಬರೆದುಕೊಟ್ಟ ಹಾಗೆ ಎನ್ನುವುದು ಅವರ ವಾದ. ಯಾವುದು ಯಾವ ಬಾಗಿಲಿನದು ಎಂದು ಅವರ ಬೆರಳಿಗೆ ಗೊತ್ತಿತ್ತು. ಪಕ್ಕದಲ್ಲಿ ರಿಜಿಸ್ಟರು. ಯಾವ ಕೋಣೆ, ಒಯ್ದವರು ಯಾರು, ಎಷ್ಟು ಹೊತ್ತಿಗೆ, ಮರಳಿದ್ದು ಎಷ್ಟು ಹೊತ್ತಿಗೆ. ಪ್ರತಿ ಪುಟಕ್ಕೂ ತಮ್ಮ ಕೈಯಲ್ಲೇ ಸಂಖ್ಯೆ ಹಾಕಿರುತ್ತಿದ್ದರು. ದೊಡ್ಡ ಡಾಕ್ಟರೇ ಬಂದು ನಿಂತರೂ ಸಹಿ ಮಾಡದೆ ಬೀಗದ ಕೈ ಮೊಳೆಯಿಂದ ಇಳಿಯುತ್ತಿರಲಿಲ್ಲ.

ಈ ಚಾಳಿ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದೆ. ನನ್ನ ತಾತನಿಗೆ ದರ್ಜಿ ಅಂಗಡಿಯಿತ್ತು. ಹನ್ನೆರಡು ವರ್ಷದ ಮಾವ ಒಂದು ಸಂಜೆ ಅಂಗಡಿ ಮುಚ್ಚಿ, ಬೀಗ ಒತ್ತಿ, ಟಕ್ಕೆಂದ ಸದ್ದು ಕೇಳಿಸಿಕೊಂಡು ಮನೆಗೆ ಬಂದರು. ಸದ್ದಾಗಿತ್ತು, ಬೀಗ ಕಚ್ಚಿರಲಿಲ್ಲ. ಬೆಳಿಗ್ಗೆ ಅಂಗಡಿಯಲ್ಲಿ ಹೊಲಿಗೆಯ ಯಂತ್ರ ಬಿಟ್ಟು ಇನ್ನೇನೂ ಉಳಿದಿರಲಿಲ್ಲ. ತಾತ ಮಗನಿಗೆ ಒಂದು ಏಟೂ ಹೊಡೆಯಲಿಲ್ಲವಂತೆ. ಬಟ್ಟೆ ಕೊಟ್ಟವರ ಮನೆಮನೆಗೆ ಅವರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ, ನಿಮ್ಮ ಬಟ್ಟೆ ನಮ್ಮಿಂದ ಹೋಯಿತು ಎಂದು ಪ್ರತಿ ಬಾಗಿಲಲ್ಲೂ ಹೇಳಿದರಂತೆ. ಇದನ್ನು ಹೇಳುವಾಗ ಐವತ್ತು ದಾಟಿದ ಮಾವನ ಮುಖ ಸಪ್ಪಗಾಗಿತ್ತು.

"ನಮ್ಮದು ಹೋದ್ರೆ ಹಾಳಾಗಿ ಹೋಗ್ಲಿ ಅನ್ನಬಹುದು ಕಣಮ್ಮ. ಬೇರೆಯವರದು ಹೋದ್ರೆ ಏನು ಅನ್ನೋದು?" ಎಂದಿದ್ದರು.

ನಾನು ಅದೇ ಕೇಂದ್ರದಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವಳು. ಸಾವಿರಾರು ಜನರ ರಕ್ತದ ಫಲಿತಾಂಶ, ಯಾರಿಗೆ ಯಾವ ಕಾಯಿಲೆ ಎಂಬುದೆಲ್ಲ ನನ್ನ ಸರ್ವರಿನಲ್ಲಿದೆ. ಕೆಲಸದಲ್ಲಿ ನಾನು ಜಾಣೆ, ಸುಳ್ಳು ವಿನಯ ನನಗೆ ಬರುವುದಿಲ್ಲ. ಹೊರಗಿನಿಂದ ಬರುವ ಪ್ರತಿಯೊಂದನ್ನೂ ಸೋಸುವ ಫೈರ್‌ವಾಲ್, ಮೂರು ತಿಂಗಳಿಗೊಮ್ಮೆ ಬದಲಾಗುವ ಪಾಸ್‌ವರ್ಡ್, ಯಾರು ಯಾವ ಕಡತ ತೆರೆದರು ಎಂಬ ದಾಖಲೆ, ಎಲ್ಲವೂ ಅಚ್ಚುಕಟ್ಟು. ಮಾವನ ಮೊಳೆ ಹಲಗೆ ನನಗೆ ಅಜ್ಜನ ಕಾಲದ ಸಾಮಾನಿನ ಹಾಗೆ ಕಾಣುತ್ತಿತ್ತು.

ಹೋದ ವರ್ಷ ಎಲ್ಲ ಬಾಗಿಲಿಗೂ ಕಾರ್ಡು ಬಂತು. ಕಾರ್ಡು ತೋರಿಸಿದರೆ ಬಾಗಿಲು ತೆರೆಯಬೇಕು, ಇಲ್ಲದಿದ್ದರೆ ಮೇಲಿನ ಆಯಸ್ಕಾಂತ ಅದನ್ನು ಹಿಡಿದುಕೊಂಡಿರಬೇಕು. ಒಂದು ದೊಡ್ಡ ಆಸ್ಪತ್ರೆ ತನ್ನ ರೋಗಿಗಳ ಪರೀಕ್ಷೆಯನ್ನು ನಮಗೆ ಒಪ್ಪಿಸುವುದರಲ್ಲಿತ್ತು. ಅದಕ್ಕೆ ಮೊದಲು ಅವರ ಕಡೆಯ ತಪಾಸಣಾಧಿಕಾರಿ ಬಂದು ನಮ್ಮ ಬಾಗಿಲುಗಳನ್ನೂ ಕಂಪ್ಯೂಟರುಗಳನ್ನೂ ನೋಡಿ ಒಪ್ಪಬೇಕಿತ್ತು. ತಪಾಸಣೆ ಮುಗಿದ ತಿಂಗಳಿಗೆ ಬೀಗದ ಕೋಣೆ ಮುಚ್ಚುತ್ತೇವೆ, ನಿವೃತ್ತಿಗೆ ಇನ್ನೂ ಎರಡು ವರ್ಷ ಇದ್ದರೂ ನೀವು ಮನೆಯಲ್ಲಿ ಆರಾಮವಾಗಿರಿ ಎಂದು ವ್ಯವಸ್ಥಾಪಕರು ಮಾವನಿಗೆ ಹೇಳಿದರು. ಮಾವ ಆಯಿತು ಸಾರ್ ಎಂದರಂತೆ. ಆ ಸಂಜೆ ಮನೆಯಲ್ಲಿ ಊಟಕ್ಕೆ ಕೂತು, ಮೂವತ್ತಾರು ವರ್ಷ ಬಾಗಿಲು ಕಾದವನನ್ನು ಬಾಗಿಲ ಹೊರಗೇ ಬಿಟ್ಟರು ಎಂದು ಒಂದೇ ಮಾತು ಹೇಳಿ ತಟ್ಟೆ ಬದಿಗಿಟ್ಟರು ಎಂದು ಅತ್ತೆ ನನಗೆ ಫೋನಿನಲ್ಲಿ ಹೇಳಿದರು. ನನಗೆ ಕೆಟ್ಟದೆನಿಸಿತು. ಆದರೂ ಕಾಲ ಬದಲಾಗಿದೆ ಅತ್ತೆ ಎಂದೆ. ಆ ಮಾತಿಗೆ ಈಗ ನಾಚಿಕೆಯಾಗುತ್ತದೆ.

ನಮ್ಮಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಜನರೇಟರ್ ಪರೀಕ್ಷೆ ನಡೆಯುತ್ತದೆ. ಕರೆಂಟು ತೆಗೆಯುತ್ತಾರೆ, ಹನ್ನೊಂದು ಸೆಕೆಂಡಿನಲ್ಲಿ ಜನರೇಟರ್ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಕಾರಿಡಾರಿನ ಬಾಗಿಲುಗಳು ತಾವಾಗಿ ಸಡಿಲವಾಗಬೇಕು, ಬೆಂಕಿ ಬಿದ್ದರೆ ಜನ ಓಡಬೇಕಲ್ಲ. ಸರ್ವರ್ ಕೋಣೆಯ ಬಾಗಿಲು ಮಾತ್ರ ಬ್ಯಾಟರಿಯ ಬಲದಲ್ಲಿ ಹಿಡಿದುಕೊಂಡಿರಬೇಕು. ತಪಾಸಣೆಗೆ ಹನ್ನೊಂದು ದಿನ ಇರುವಾಗ ಒಂದು ಶನಿವಾರ ಮಾವ ನನ್ನ ಮೇಜಿನ ಹತ್ತಿರ ಬಂದು, ಕರೆಂಟು ಹೋದಾಗ ನಿನ್ನ ಸರ್ವರ್ ಬಾಗಿಲು ಎಳೆದೆ, ಬಂತು ಎಂದರು. ಬ್ಯಾಟರಿ ಇದೆ ಮಾವ, ಬರುವುದಿಲ್ಲ ಎಂದೆ. ನೀನೇ ಬಂದು ಎಳೆದು ನೋಡು ಎಂದರು. ಪಕ್ಕದ ಹುಡುಗಿಯರು ಮುಖಮುಖ ನೋಡಿಕೊಂಡು ನಕ್ಕರು. ನಾನೂ ನಕ್ಕೆ. ಕೆಲಸವಿದೆ, ಆಮೇಲೆ ನೋಡುತ್ತೇನೆ ಎಂದು ಕಳಿಸಿದೆ, ನೋಡಲಿಲ್ಲ.

ಮುಂದಿನ ಶನಿವಾರ ನಾನು ಸರ್ವರ್ ಕೋಣೆಯಲ್ಲಿದ್ದೆ. ರಕ್ತದ ಮಾದರಿ ಇಳಿಸಿಕೊಳ್ಳುವ ಕಡೆ ಚೀಟಿ ಮುದ್ರಿಸುವ ಯಂತ್ರ ಕೈಕೊಟ್ಟಿತೆಂದು ಕರೆ ಬಂತು, ಎದ್ದು ಹೋದೆ. ಅಲ್ಲಿರುವಾಗಲೇ ದೀಪ ಆರಿ ಮತ್ತೆ ಹತ್ತಿತು. ವಾಪಸು ಬಂದು ಕಾರ್ಡು ತೋರಿಸಿ ಬಾಗಿಲು ತೆರೆದರೆ, ಮಾವ ನನ್ನ ಕುರ್ಚಿಯಲ್ಲಿ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ಏನನ್ನೂ ಮುಟ್ಟದೆ ಕೂತಿದ್ದರು. ಆ ಕೋಣೆಗೆ ಅವರ ಕಾರ್ಡು ನಡೆಯುವುದಿಲ್ಲ. ಕೀಬೋರ್ಡಿನ ಪಕ್ಕದಲ್ಲಿ ಅವರ ರಿಜಿಸ್ಟರು ತೆರೆದಿತ್ತು. ಹೀಗೆ ಬರೆದಿದ್ದರು:

ಸರ್ವರ್ ಕೋಣೆ. ಒಳಗೆ ಹೋದವರು: ನಾನು. ಸಮಯ: ಹನ್ನೊಂದು ಗಂಟೆ. ಬೀಗದ ಕೈ: ಬೇಕಾಗಲಿಲ್ಲ. ಕಂಪ್ಯೂಟರ್: ತೆರೆದೇ ಇತ್ತು.

ಕೊನೆಯ ಸಾಲು ಓದಿ ಪರದೆಯ ಕಡೆ ತಿರುಗಿದೆ. ಕಾರ್ಡಿನ ಬಾಗಿಲು ದಾಟಿ ಇಲ್ಲಿಗೆ ಯಾರು ಬರುತ್ತಾರೆ ಎಂಬ ಧೈರ್ಯದಲ್ಲಿ ನಾನು ಪರದೆಗೆ ಪಾಸ್‌ವರ್ಡ್ ಹಾಕದೆ ಎದ್ದು ಹೋಗಿದ್ದೆ. ಆ ದಿನವಲ್ಲ, ದಿನಾ ಹಾಗೇ ಮಾಡುತ್ತಿದ್ದೆ. ಹೊರಗಿನ ಕಳ್ಳನಿಗೆ ಅಷ್ಟೆಲ್ಲ ಗೋಡೆ ಕಟ್ಟಿದವಳು, ಒಳಗೆ ಬಂದವನಿಗೆ ಎಲ್ಲವನ್ನೂ ತಟ್ಟೆಯಲ್ಲಿಟ್ಟು ಹೋಗಿದ್ದೆ. ಬಾಗಿಲು ಇದೆಯಲ್ಲ ಎಂದು ನಾನು ಮೈಮರೆತೆ, ಪಾಸ್‌ವರ್ಡ್ ಇದೆಯಲ್ಲ ಎಂದು ಬಾಗಿಲು ಕೂರಿಸಿದವರು ಮೈಮರೆತರು. ಏಣಿ ತಂದು ಬಾಗಿಲ ಮೇಲಿನ ಚಾವಣಿಯ ಹಲಗೆ ಸರಿಸಿ ನೋಡಿದರೆ, ಕೂರಿಸಿದವರು ಆ ಬಾಗಿಲಿನ ತಂತಿಯನ್ನು ಬ್ಯಾಟರಿಗೆ ಕೊಡದೆ ಕಾರಿಡಾರಿನ ಬಾಗಿಲುಗಳ ತಂತಿಗೇ ಸೇರಿಸಿಬಿಟ್ಟಿದ್ದರು. ಕರೆಂಟು ಹೋದಾಗ ಆಯಸ್ಕಾಂತ ಬಿಡುತ್ತಿತ್ತು, ಬಾಗಿಲು ಮಾತ್ರ ಮುಚ್ಚಿದ ಹಾಗೇ ನಿಂತಿರುತ್ತಿತ್ತು. ನೋಡಿದವರಿಗೆ ಗೊತ್ತಾಗುವ ಹಾಗಿರಲಿಲ್ಲ, ಎಳೆದವರಿಗೆ ಮಾತ್ರ ಗೊತ್ತಾಗುತ್ತಿತ್ತು.

ಇನ್ನು ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಮಾವ ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ತಾವೇ ವ್ಯವಸ್ಥಾಪಕರ ಕೋಣೆಗೆ ಹೊರಟರು. ಕಂಪ್ಯೂಟರಿನ ಸಾಲೊಂದನ್ನು ಬಿಟ್ಟುಬಿಡಬಹುದಿತ್ತಲ್ಲ ಎಂದು ದಾರಿಯಲ್ಲಿ ಮೆಲ್ಲಗೆ ಅಂದೆ. ರಿಜಿಸ್ಟರಿನಲ್ಲಿ ಮಾವ ಸೊಸೆ ಅನ್ನೋದು ಇಲ್ಲ ಎಂದರು. ನನಗೆ ಸಿಟ್ಟು ಬಂತು. ಮೆಟ್ಟಿಲು ಹತ್ತುವಷ್ಟರಲ್ಲಿ ಆ ಸಿಟ್ಟು ಯಾರ ಮೇಲೆ ಎಂಬುದೂ ಗೊತ್ತಾಯಿತು.

ವ್ಯವಸ್ಥಾಪಕರು ಕೆಟ್ಟವರಲ್ಲ, ಹೆದರಿದವರು. ತಪಾಸಣೆಗೆ ನಾಲ್ಕೇ ದಿನ ಉಳಿದಿತ್ತು. ತಂತಿ ಇವತ್ತೇ ಸರಿಮಾಡಿಸೋಣ, ಈ ಹಾಳೆ ಹರಿದು ಹಾಕಿ, ತಿಂಗಳ ಕೊನೆಗೆ ನಿಮ್ಮನ್ನು ಎಲ್ಲರೆದುರು ಮರ್ಯಾದೆಯಿಂದ ಕಳಿಸಿಕೊಡುತ್ತೇವೆ ಎಂದರು. ಹರಿಯದಿದ್ದರೆ ಅಪ್ಪಣೆಯಿಲ್ಲದೆ ಸರ್ವರ್ ಕೋಣೆಗೆ ನುಗ್ಗಿದ್ದೂ ಕಡತಕ್ಕೆ ಹೋಗುತ್ತದೆ, ಆ ತಪ್ಪಿಗೆ ಇರುವುದು ಒಂದೇ ಶಿಕ್ಷೆ, ಅದು ನಿಮಗೂ ಗೊತ್ತು ಎಂದರು. ಮೂವತ್ತಾರು ವರ್ಷದ ಕೊನೆಗೆ ಮಾವ ಹೂಮಾಲೆ ಹಾಕಿಸಿಕೊಂಡು ಹೋಗುತ್ತಾರೋ, ಕೆಲಸದಿಂದ ತೆಗೆದವರಾಗಿ ಹೋಗುತ್ತಾರೋ, ಅದು ಆ ಒಂದು ಹಾಳೆಯ ಮೇಲೆ ನಿಂತಿತು.

"ಹರಿಯೋಕಾಗಲ್ಲ ಸಾರ್," ಎಂದರು ಮಾವ. "ಪುಟಕ್ಕೆ ನಂಬರ್ ಇದೆ. ಸರಿಮಾಡಿಸಿ, ಮುಂದಿನ ಪುಟದಲ್ಲಿ ಸರಿಯಾಯ್ತು ಅಂತ ಬರೀತೀನಿ."

ಹಿಂದಿನ ವಾರವೇ ಮಾವ ನನಗೆ ಹೇಳಿದ್ದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ, ಪರದೆ ತೆರೆದಿಟ್ಟದ್ದೂ ನಾನೇ ಎಂದು ನಾನು ಹೇಳಿದೆ. ವ್ಯವಸ್ಥಾಪಕರು ಹಣೆ ಒತ್ತಿಕೊಂಡರು. ತೀರ್ಮಾನ ತಪಾಸಣೆಯ ನಂತರ, ಅಲ್ಲಿಯವರೆಗೆ ಮನೆಯಲ್ಲಿರಿ ಎಂದು ಮಾವನನ್ನು ಕಳಿಸಿದರು. ಅದೇ ಸಂಜೆ ತಂತಿ ಬ್ಯಾಟರಿಗೆ ಸೇರಿತು. ಮುಂದಿನ ಪುಟ ಖಾಲಿಯೇ ಉಳಿಯಿತು, ಬರೆಯುವವರು ಇರಲಿಲ್ಲ.

ಬುಧವಾರ ಬಂದ ತಪಾಸಣಾಧಿಕಾರಿ ಕತ್ತರಿಸಿದ ಬಿಳಿಗೂದಲಿನ, ಮಿತಭಾಷಿ ಹೆಂಗಸು. ನನ್ನ ಪಾಸ್‌ವರ್ಡ್ ನಿಯಮ ನೋಡಿದರು, ದಾಖಲೆಗಳನ್ನು ನೋಡಿದರು, ತಲೆಯಾಡಿಸಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಮುಗಿದಂತಿತ್ತು. ಆಗ, ಇಲ್ಲಿ ನೀವೇ ಹಿಡಿದ ತಪ್ಪುಗಳನ್ನು ಎಲ್ಲಿ ಬರೆದಿಡುತ್ತೀರಿ ಎಂದು ಕೇಳಿದರು. ವ್ಯವಸ್ಥಾಪಕರು ನನ್ನನ್ನು ನೋಡಿದರು. ಅಂಥದ್ದೇನೂ ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಎದ್ದು ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ರಿಜಿಸ್ಟರು ತಂದು, ಆ ಪುಟವನ್ನೇ ತೆರೆದು ಅವರ ಮುಂದಿಟ್ಟೆ.

ಅವರು ಆ ಐದು ಸಾಲು ಓದಿದರು, ಹಿಂದಿನ ಪುಟಗಳನ್ನು ತಿರುವಿದರು, ಮತ್ತೆ ಅಲ್ಲಿಗೇ ಬಂದರು. ಕರೆಂಟು ತೆಗೆಸಿ, ತಾವೇ ಸರ್ವರ್ ಕೋಣೆಯ ಬಾಗಿಲನ್ನು ಎರಡೂ ಕೈಯಿಂದ ಎಳೆದರು. ಬಾಗಿಲು ಅಲುಗಲಿಲ್ಲ.

"ತಪ್ಪೇ ಇಲ್ಲ ಅನ್ನೋರನ್ನ ತುಂಬಾ ನೋಡಿದೀನಿ," ಎಂದರು. "ತಮ್ಮ ತಪ್ಪನ್ನ ತಾವೇ ಹಿಡಿದು ಬರೆದಿಟ್ಟೋರನ್ನ ಇದೇ ಮೊದಲು ನೋಡ್ತಿರೋದು. ಎಲ್ಲಿದಾರೆ ಇವರು?"

ವ್ಯವಸ್ಥಾಪಕರೇ ಮುಂದೆ ಬಂದು, ನಾನೇ ಮನೆಗೆ ಕಳಿಸಿದ್ದೇನೆ, ಅದು ನನ್ನ ತಪ್ಪು, ಅದನ್ನೂ ಬರೆಸುತ್ತೇನೆ ಎಂದು ಫೋನು ತೆಗೆದರು. ಆ ಮನುಷ್ಯನ ಬಗ್ಗೆ ನನಗಿದ್ದ ಅಸಮಾಧಾನ ಆ ಗಳಿಗೆಯಲ್ಲಿ ಅರ್ಧ ಕರಗಿತು, ಉಳಿದರ್ಧ ಇನ್ನೂ ಇದೆ.

ಮಾವ ಬರಲು ತಡವಾಯಿತು. ಮನೆ ಬೀಗ ಎಷ್ಟು ಸಲ ಎಳೆದಿರಬಹುದೆಂದು ನಾನು ಕೇಳಲಿಲ್ಲ.

ಆಸ್ಪತ್ರೆಯವರು ನಮ್ಮನ್ನು ಒಪ್ಪಿದರು. ಒಪ್ಪಿಗೆಯ ಕಾಗದದಲ್ಲಿ ಒಂದು ಷರತ್ತು ಇತ್ತು: ಪ್ರತಿ ಜನರೇಟರ್ ಪರೀಕ್ಷೆಯ ವೇಳೆ ಸರ್ವರ್ ಕೋಣೆಯ ಬಾಗಿಲನ್ನು ಕೈಯಿಂದ ಎಳೆದು ನೋಡಿ ದಾಖಲಿಸತಕ್ಕದ್ದು. ಆಫೀಸು ಗೇಲಿಗೆ ಇಟ್ಟ ಹೆಸರು ಆಫೀಸಿನ ನಿಯಮವಾಗಿ ಕೂತಿತು. ಅದನ್ನು ನಾನೇ ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ನಕ್ಕಿದ್ದ ಹುಡುಗಿಯರ ಮೇಜಿನ ಎದುರಿನ ಗೋಡೆಗೇ ಅಂಟಿಸಿದೆ. ಜಂಬ ಎಂದರೆ ಜಂಬ. ನನ್ನ ಮಾವನ ವಿಷಯದಲ್ಲಿ ನಾನು ಜಂಬ ಪಡದೆ ಇನ್ಯಾರು ಪಡಬೇಕು? ನಾನೂ ಈಗ ಪರದೆಗೆ ಪಾಸ್‌ವರ್ಡ್ ಹಾಕಿ ಏಳುವಾಗ ಯಾವುದಾದರೊಂದು ಗುಂಡಿ ಒತ್ತಿ ನೋಡಿ, ಅದು ಪಾಸ್‌ವರ್ಡ್ ಕೇಳಿದ ಮೇಲೆಯೇ ಕದಲುತ್ತೇನೆ. ಹುಡುಗಿಯರು ನನ್ನನ್ನು ಎಳೆದುನೋಡಮ್ಮ ಎನ್ನುತ್ತಾರೆ. ಅನ್ನಲಿ.

ಬೀಗದ ಕೋಣೆ ಮುಚ್ಚಲಿಲ್ಲ, ಮಾವನ ಎರಡು ವರ್ಷ ಅವರಿಗೇ ಉಳಿಯಿತು. ಅವರ ಕಾರ್ಡಿಗೆ ಸರ್ವರ್ ಕೋಣೆಯ ಅಪ್ಪಣೆಯನ್ನು ನಾನೇ ಸೇರಿಸಿದೆ. ಮುಂದಿನ ಶನಿವಾರ ಹನ್ನೊಂದಕ್ಕೆ ಅವರು ಬಾಗಿಲ ಮುಂದೆ ಬಂದು ನಿಂತರು, ಕಾರ್ಡನ್ನು ಜೇಬಿನಿಂದ ತೆಗೆಯಲೇ ಇಲ್ಲ. ದೀಪ ಆರಿತು. ಹಿಡಿಗೆ ಕೈ ಹಾಕಿ, ಒಂದು ಕಾಲನ್ನು ಗೋಡೆಗೆ ಕೊಟ್ಟು, ಮೈಯ ಬಲವನ್ನೆಲ್ಲ ಹಾಕಿ ಎಳೆದರು. ದೀಪ ಹತ್ತಿದಾಗ ಅವರ ಹಣೆ ಬೆವರಿತ್ತು. ರಿಜಿಸ್ಟರು ತೆರೆದು, ಖಾಲಿ ಉಳಿದಿದ್ದ ಪುಟದ ಮೊದಲ ಸಾಲಿನಲ್ಲಿ ಬರೆದರು:

ಸರ್ವರ್ ಕೋಣೆ. ಎಳೆದೆ. ಬರಲಿಲ್ಲ.

ಆಮೇಲೆ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ, ಮುಂದಿನ ವಾರ ಕರೆಂಟು ಹೋದಾಗ ನೀನೂ ಒಮ್ಮೆ ಎಳೆದು ಸಹಿ ಮಾಡು ಎಂದರು. ಈ ಸಲ ಕೆಲಸವಿದೆ ಎನ್ನಲಿಲ್ಲ, ಆ ಶನಿವಾರ ನಾನು ಎದ್ದು ಹೋಗಿ ಎಳೆದೆ.